ಗೆರೆ ಎಳೆದರೆ ಮುಪ್ಪು ಬಾರದು

ಮೂವತ್ತೈದರ ನಟನನ್ನು ಎಪ್ಪತ್ತರ ಮುದುಕನನ್ನಾಗಿ ತೋರಿಸಲು ನಮ್ಮಲ್ಲಿ ಬಹುಕಾಲ ನಡೆದುಬಂದ ಕ್ರಮವೆಂದರೆ, ತಲೆಗೆ ಬಿಳಿ ಬಣ್ಣ ಸವರಿ, ಹಣೆಯ ಮೇಲೆ ಕಂದು ಪೆನ್ಸಿಲ್ಲಿನಿಂದ ನಾಲ್ಕು ಗೆರೆ ಎಳೆದು, ಕೈಗೊಂದು ಊರುಗೋಲು ಕೊಡುವುದು. ನಾಟಕದಲ್ಲಿ ಹಿಂದಿನ ಸಾಲಿನ ಪ್ರೇಕ್ಷಕನಿಗೆ ಇಷ್ಟು ಸಾಕು. ಕ್ಲೋಸಪ್‌ನಲ್ಲಿ ಮಾತ್ರ ಗುಟ್ಟು ರಟ್ಟಾಗುತ್ತದೆ. ಹವ್ಯಾಸಿ ರಂಗಭೂಮಿಯಿಂದ ಬಂದು ಈಗ ಕಿರುಚಿತ್ರಗಳಿಗೆ ಬಣ್ಣ ಹಚ್ಚುವ ನನಗೆ ಕಂಡಿರುವ ದೊಡ್ಡ ತೊಡಕೆಂದರೆ, ವಯಸ್ಸು ಮುಖದಿಂದ ಕಳೆಯುತ್ತದೆ, ಮೇಕಪ್ ಮುಖಕ್ಕೆ ಕೂಡಿಸಬಲ್ಲದಷ್ಟೆ. ಕೆನ್ನೆಯ ಕೊಬ್ಬು ಕರಗಿ, ತುಟಿ ತೆಳುವಾಗಿ, ಕಣತಲೆ ಒಳಸರಿದದ್ದನ್ನು ಮೇಲಿಂದ ಅಂಟಿಸಿ ತೋರಿಸುವುದು ಹೇಗೆ?

ಅಮೆರಿಕದ ಮೇಕಪ್ ಕಲಾವಿದ ಡಿಕ್ ಸ್ಮಿತ್ ಅವರ ಕೆಲಸವನ್ನು ನಾನು ಮತ್ತೆ ಮತ್ತೆ ನೋಡುವುದು ಇದಕ್ಕಾಗಿಯೇ. 1970ರ 'ಲಿಟಲ್ ಬಿಗ್ ಮ್ಯಾನ್' ಚಿತ್ರದಲ್ಲಿ ಡಸ್ಟಿನ್ ಹಾಫ್‌ಮನ್‌ರನ್ನು 121 ವರ್ಷದವರನ್ನಾಗಿಸುವಾಗ ಅವರು ಇಡೀ ಮುಖಕ್ಕೆ ಒಂದೇ ಮುಖವಾಡ ಹಾಕದೆ, ಫೋಮ್ ಲೇಟೆಕ್ಸಿನ (ರಬ್ಬರ್ ಹಾಲಿನಿಂದ ಮಾಡಿದ, ಸ್ಪಂಜಿನಂಥ ಮೆತ್ತನೆಯ ವಸ್ತು) ಬಿಡಿ ತುಂಡುಗಳನ್ನು ಒಂದರಂಚಿನ ಮೇಲೊಂದು ಬರುವಂತೆ ಅಂಟಿಸಿದರು. ಹಾಗಾಗಿ ನಟನ ಮುಖದ ಚಲನೆ ಸಾಯಲಿಲ್ಲ. 1972ರ 'ದಿ ಗಾಡ್‌ಫಾದರ್'ನಲ್ಲಿ ಮರ್ಲಾನ್ ಬ್ರಾಂಡೊ ಅವರ ಬಾಯೊಳಗೆ ಹಲ್ಲಿಗೆ ಕಚ್ಚುವ ಸಾಧನವಿಟ್ಟು ದವಡೆಯ ಬದಿಯನ್ನು ಉಬ್ಬಿಸಿದರು. ಕೆಳಭಾಗ ಭಾರವಾಗಿ ಜೋತರೆ ಮೇಲಿನ ಕೆನ್ನೆ ತಾನಾಗಿಯೇ ಇಳಿದಂತೆ ಕಾಣುತ್ತದೆ, ಅಂದರೆ ಕೂಡಿಸಿಯೇ ಕಳೆದದ್ದು! 1973ರ 'ದಿ ಎಕ್ಸಾರ್ಸಿಸ್ಟ್'ನಲ್ಲಿ ವೃದ್ಧ ಪಾದ್ರಿಯಾಗಿ ನಟಿಸಿದ ಮ್ಯಾಕ್ಸ್ ವಾನ್ ಸಿಡೊ ಆಗಿನ್ನೂ ನಲವತ್ತರ ಆಸುಪಾಸಿನವರು. ಅಲ್ಲಿ ಮೇಕಪ್ ಇದೆಯೆಂಬುದೇ ಹೊಳೆಯದಿರುವುದರಿಂದ, ಸ್ಮಿತ್ ಅವರ ಕೆಲಸಗಳಲ್ಲಿ ನನಗೆ ಅದೇ ಎಲ್ಲಕ್ಕಿಂತ ಮೇಲು.

ಅಂಥ ತುಂಡುಗಳಿಗೆ ನಟನ ಮುಖದ ಪಡಿಯಚ್ಚು, ಲೇಟೆಕ್ಸ್ ಸುರಿಯುವ ಅಚ್ಚು, ಅದನ್ನು ಬೇಯಿಸುವ ಒಲೆ ಎಲ್ಲವೂ ಬೇಕು. ಕೈಯಲ್ಲಿ ಕಾಸು ಕಡಿಮೆ ಇರುವಾಗ ದ್ರವರೂಪದ ಲೇಟೆಕ್ಸೇ ಗತಿ. ಹಿಂದಿನ ದಿನವೇ ಮೊಣಕೈ ಒಳಬದಿಗೆ ಒಂದಿಷ್ಟು ಹಚ್ಚಿ, ಒಗ್ಗುತ್ತದೆಯೇ ಎಂದು ನೋಡಿರಬೇಕು. ಹುಬ್ಬಿಗೆ ವ್ಯಾಸಲಿನ್ ಬಳಿಯದಿದ್ದರೆ ತೆಗೆಯುವಾಗ ಕೂದಲೂ ಕಿತ್ತು ಬರುತ್ತದೆ. ಕಣ್ಣಿನ ಹೊರಮೂಲೆಯ ಚರ್ಮವನ್ನು ಸುಕ್ಕು ಬೀಳುವ ದಿಕ್ಕಿಗೆ ಅಡ್ಡಲಾಗಿ ಎಳೆದು ಹಿಡಿದು, ಸ್ಪಂಜಿನಿಂದ ಲೇಟೆಕ್ಸನ್ನು ತಟ್ಟಿ, ತಣ್ಣನೆಯ ಗಾಳಿಯಲ್ಲಿ ಒಣಗಿಸಿ, ಪೌಡರ್ ಹಾಕಿದ ಮೇಲೆಯೇ ಕೈ ಬಿಡಬೇಕು. ಬಿಟ್ಟೊಡನೆ ಚರ್ಮ ಹಿಂದಕ್ಕೆ ಸರಿಯುತ್ತದೆ, ಲೇಟೆಕ್ಸ್ ಪದರ ಅದರೊಂದಿಗೆ ಮುದುಡಿ ಸಣ್ಣ ಸಣ್ಣ ನೆರಿಗೆಗಳಾಗುತ್ತವೆ. ಲೇಟೆಕ್ಸಿನಲ್ಲಿರುವ ಅಮೋನಿಯದ ಘಾಟಿಗೆ ನಟನ ಕಣ್ಣಲ್ಲಿ ನೀರು ಬರುವುದುಂಟು, ಆಗ ಒಂದು ಮೂಲೆ ಹೋದಂತೆಯೇ.

ನಮ್ಮ ಮೈಬಣ್ಣಕ್ಕೆ ಇನ್ನೊಂದು ಎಚ್ಚರವೂ ಬೇಕು. ಬಿಳಿ ಪೌಡರು ಕಂದು ಚರ್ಮದ ಮೇಲೆ ಬೂದಿ ಬಳಿದಂತೆ ಕಾಣುವುದರಿಂದ, ಮೈಬಣ್ಣದ್ದೇ ಪೌಡರ್ ಹಾಕಿ, ಆಮೇಲೆ ಕಣ್ಣಿನ ಸುತ್ತಲಿನ ಕಪ್ಪು, ಕೆನ್ನೆಯ ಬಂಗು, ಅಲ್ಲಲ್ಲಿ ಕೆಂಪು ಚುಕ್ಕೆಗಳನ್ನು ತೆಳುವಾಗಿ ಚಿಮುಕಿಸುತ್ತೇನೆ. ಒಂದೇ ಸಮನಾದ ಬಣ್ಣ ಮುದುಕರ ಮುಖದಲ್ಲಿ ಇರುವುದೇ ಇಲ್ಲ.

ನಮ್ಮವರು ಕತ್ತು, ಕಿವಿ, ಕೈಗಳನ್ನು ಮಾತ್ರ ಈಗಲೂ ಮರೆಯುತ್ತಾರೆ. ಮುಖಕ್ಕೆ ಎಂಬತ್ತು, ಮುಂಗೈಗೆ ಇಪ್ಪತ್ತೈದು! ಆದ್ದರಿಂದ ನಿರ್ದೇಶಕರು ಕಥೆ ಹೇಳಲು ಕುಳಿತಾಗ ನಾನು ಮೊದಲು ಕೇಳುವುದು, ಅಜ್ಜನ ಕೈ ಕಾಣುವ ಶಾಟುಗಳು ಎಷ್ಟು ಮತ್ತು ಚಿತ್ರೀಕರಣ ಬಿಸಿಲಲ್ಲೋ ನೆರಳಲ್ಲೋ ಎಂದು. ಬೆವರಿದರೆ ಅಂಚು ಏಳುವುದರಿಂದ, ಏಪ್ರಿಲ್ ಬಿಸಿಲಿನ ಹೊರಾಂಗಣವಾದರೆ ಅಜ್ಜನ ದೃಶ್ಯಗಳನ್ನು ಬೆಳಿಗ್ಗೆಯೇ ಮುಗಿಸಬೇಕೆಂದು ಆಗಲೇ ಬರೆಸಿಕೊಳ್ಳುತ್ತೇನೆ.