ಹಳೆಯ ದಾಖಲೆಯ ಮಸುಕು ಗೆಲಾಕ್ಸಿಯನ್ನು ಗುರುತಿಸುವ ಕೆಲಸದಲ್ಲಿ ಕಲಿತದ್ದು

ಹಿಂದಿನ ಶತಮಾನಗಳ ವೀಕ್ಷಕರು ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿ ಬರೆದಿಟ್ಟ ‘ನಿಹಾರಿಕೆ’ಗಳು ಇಂದಿನ ಸಮೀಕ್ಷಾ ಚಿತ್ರಗಳಲ್ಲಿರುವ ಯಾವ ಗೆಲಾಕ್ಸಿಗಳು ಎಂದು ಹೊಂದಿಸಿ ನೋಡುವುದು ನನ್ನ ಕೆಲಸದ ಒಂದು ಭಾಗ. ಇದರ ಬಹುಪಾಲು ಖಗೋಳಜ್ಞ ಡ್ರೇಯರ್ 1888ರಲ್ಲಿ ಪ್ರಕಟಿಸಿದ, 7,840 ಕಾಯಗಳಿರುವ ಎನ್‌ಜಿಸಿ (ನ್ಯೂ ಜನರಲ್ ಕ್ಯಾಟಲಾಗ್) ಪಟ್ಟಿಯ ಸುತ್ತ ನಡೆಯುತ್ತದೆ. ಅಲ್ಲಿನ ಸ್ಥಾನಗಳು 1860ರ ಆಕಾಶಕ್ಕೆ ಸಂಬಂಧಿಸಿದವು. ಭೂಮಿಯ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವ ಅಯನಚಲನೆಯಿಂದಾಗಿ 2000ದ ಹೊತ್ತಿಗೆ ನಿರ್ದೇಶಾಂಕಗಳು ಸುಮಾರು ಎರಡು ಡಿಗ್ರಿಯಷ್ಟು ಸರಿದಿರುತ್ತವೆ. ಆ ಲೆಕ್ಕವನ್ನು ಕಂಪ್ಯೂಟರ್ ಕ್ಷಣದಲ್ಲಿ ಮಾಡಿಕೊಡುತ್ತದೆ. ತೊಡಕು ಶುರುವಾಗುವುದು ಅದರ ಮುಂದೆ: ಲೆಕ್ಕ ತೋರಿಸಿದ ಜಾಗದಲ್ಲಿ ಏನೂ ಇರುವುದಿಲ್ಲ, ಇಲ್ಲವೇ ಐದಾರು ಗೆಲಾಕ್ಸಿಗಳು ಒಟ್ಟಿಗೆ ಇರುತ್ತವೆ.

ಇಂಥಲ್ಲಿ ಹೊಸಬರು ಅತ್ಯಂತ ಹತ್ತಿರದ ಗೆಲಾಕ್ಸಿಯನ್ನು ಆರಿಸಿ ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ. ಆದರೆ ‘ಹತ್ತಿರ’ ಎಂಬುದರ ಅಳತೆ ವೀಕ್ಷಕನಿಂದ ವೀಕ್ಷಕನಿಗೆ ಬದಲಾಗುತ್ತದೆ. ಅಮೆರಿಕದ ಲಿಯಾಂಡರ್ ಮೆಕಾರ್ಮಿಕ್ ವೀಕ್ಷಣಾಲಯದ 26 ಇಂಚಿನ ದೂರದರ್ಶಕದಲ್ಲಿ ಕಂಡ ಅನೇಕ ಕಾಯಗಳ ವಿಷುವದಂಶವನ್ನು (ಗಂಟೆ, ನಿಮಿಷಗಳಲ್ಲಿ ಹೇಳುವ ಪೂರ್ವ-ಪಶ್ಚಿಮ ಸ್ಥಾನ) ಪೂರ್ಣ ನಿಮಿಷಕ್ಕಷ್ಟೇ ದಾಖಲಿಸಲಾಗಿತ್ತು. ಆಕಾಶದ ವಿಷುವದ್ವೃತ್ತದ ಬಳಿ ಕಾಲದ ಒಂದು ನಿಮಿಷವೆಂದರೆ 15 ಕೋನನಿಮಿಷ (ಡಿಗ್ರಿಯ ಕಾಲು ಭಾಗ), ಅಂದರೆ ಹುಣ್ಣಿಮೆಯ ಚಂದ್ರನ ಅರ್ಧದಷ್ಟು ಅಗಲ. ಇದಕ್ಕೆ ವ್ಯತಿರಿಕ್ತವಾಗಿ ಪ್ಯಾರಿಸ್ಸಿನ ಬಿಗುರ್ದಾನ್ ಪಕ್ಕದ ನಕ್ಷತ್ರದಿಂದ ಕಾಯಕ್ಕಿರುವ ಅಂತರವನ್ನು ಮೈಕ್ರೋಮೀಟರ್ ಎಂಬ ಸೂಕ್ಷ್ಮ ಅಳತೆಯ ಸಾಧನದಿಂದ ಅಳೆಯುತ್ತಿದ್ದ. ಅಂಥ ಅಳತೆ ಎಷ್ಟು ಸೂಕ್ಷ್ಮವಾಗಿದ್ದರೂ ಆಧಾರ ನಕ್ಷತ್ರ ಯಾವುದೆಂಬುದೇ ತಪ್ಪಾಗಿದ್ದರೆ ಸ್ಥಾನವೂ ಅಷ್ಟೇ ಸೂಕ್ಷ್ಮವಾಗಿ ಬೇರೆ ಕಡೆಗೆ ಹೋಗಿ ಕೂರುತ್ತದೆ. ಆದ್ದರಿಂದ ಈ ತಪ್ಪು ಯಾವ ರೀತಿಯದು, ಈ ವೀಕ್ಷಕನ ವಿಧಾನದಲ್ಲಿ ಅದು ಹೇಗೆ ನುಸುಳಬಹುದು ಎಂದು ಮೊದಲು ಕೇಳಬೇಕಾಗುತ್ತದೆ.

ಫ್ರೆಂಚ್ ಖಗೋಳಜ್ಞ ಮೆಸ್ಸಿಯೇಯ ಪಟ್ಟಿಯ 91ನೇ ಕಾಯವಾದ ಎಂ 91ರ ಪ್ರಕರಣವನ್ನು ನಾನು ಹೊಸ ಸಹೋದ್ಯೋಗಿಗಳಿಗೆ ತಪ್ಪದೆ ತೋರಿಸುತ್ತೇನೆ. ಮೆಸ್ಸಿಯೇ 1781ರ ಮಾರ್ಚ್ 18ರ ರಾತ್ರಿ ಕನ್ಯಾ ಗುಚ್ಛದ ಹಲವು ಗೆಲಾಕ್ಸಿಗಳ ಜೊತೆಗೆ ಇದನ್ನೂ ದಾಖಲಿಸಿದ, ಆದರೆ ಅವನು ಕೊಟ್ಟ ಸ್ಥಾನದಲ್ಲಿ ಅಂಥದ್ದೇನೂ ಇಲ್ಲ. ಅದು ಧೂಮಕೇತುವಾಗಿರಬಹುದು ಎಂದವರಿದ್ದರು, ಎಂ 58ನ್ನೇ ಎರಡನೆಯ ಸಲ ಬರೆದಿರಬಹುದು ಎಂದವರೂ ಇದ್ದರು. 1969ರಲ್ಲಿ ಅಮೆರಿಕದ ಹವ್ಯಾಸಿ ವೀಕ್ಷಕ ಡಬ್ಲ್ಯು. ಸಿ. ವಿಲಿಯಮ್ಸ್ ಬೇರೆ ದಾರಿ ಹಿಡಿದರು. ಮೆಸ್ಸಿಯೇ ಅಂತರವನ್ನು ಅಳೆದದ್ದು ಎಂ 89ರಿಂದ, ಆದರೆ ತಾನು ಎಂ 58ರಿಂದ ಅಳೆದೆನೆಂದು ಭಾವಿಸಿ ಸ್ಥಾನವನ್ನು ಲೆಕ್ಕ ಹಾಕಿದ ಎಂಬುದು ಅವರ ವಾದ. ಅದೇ ಅಂತರವನ್ನು ಎಂ 89ಕ್ಕೆ ಸೇರಿಸಿದರೆ ಎನ್‌ಜಿಸಿ 4548 ಇರುವಲ್ಲಿಗೆ ಬಂದು ನಿಲ್ಲುತ್ತೇವೆ. ಇಲ್ಲಿ ಒಂದೇ ಒಂದು ತಪ್ಪನ್ನು ಊಹಿಸಿದರೆ ಸಾಕು, ಮತ್ತು ಒಂದೇ ರಾತ್ರಿ ಒಂದೇ ಪ್ರದೇಶದಲ್ಲಿ ತಡಕಾಡುತ್ತಿದ್ದವನಿಂದ ಅದು ಸಹಜವಾಗಿ ಆಗುವಂಥದ್ದು. ಒಂದು ಗುರುತನ್ನು ಸಮರ್ಥಿಸಲು ವಿಷುವದಂಶದಲ್ಲೊಂದು, ಧ್ರುವದೂರದಲ್ಲೊಂದು (ಆಕಾಶದ ಧ್ರುವದಿಂದ ಇರುವ ಕೋನಾಂತರ), ವರ್ಣನೆಯಲ್ಲಿ ಮತ್ತೊಂದು ತಪ್ಪನ್ನು ಕಲ್ಪಿಸಬೇಕಾಗಿ ಬಂದರೆ ನಾನು ಅದನ್ನು ಒಪ್ಪುವುದಿಲ್ಲ. ಅಷ್ಟು ಸಡಿಲ ಬಿಟ್ಟರೆ ಯಾವ ಗೆಲಾಕ್ಸಿಯನ್ನಾದರೂ ಹೊಂದಿಸಬಹುದು.

ವರ್ಣನೆಯ ವಿಚಾರದಲ್ಲಿ ಇನ್ನಷ್ಟು ತಾಳ್ಮೆ ಬೇಕು. ‘ಬಹಳ ಮಸುಕು, ಬಹಳ ಚಿಕ್ಕದು, ದುಂಡಗೆ’ ಎಂಬಷ್ಟೇ ಮಾತು ಸಾವಿರಾರು ಕಾಯಗಳಿಗೆ ಒಪ್ಪುತ್ತದೆ, ಮೇಲಾಗಿ ಲಾರ್ಡ್ ರಾಸ್ ಅವರ 72 ಇಂಚಿನ ದರ್ಪಣದಲ್ಲಿ ಮಸುಕಾದದ್ದೂ ಲೂಯಿಸ್ ಸ್ವಿಫ್ಟ್ ಅವರ 16 ಇಂಚಿನ ಮಸೂರದಲ್ಲಿ ಮಸುಕಾದದ್ದೂ ಒಂದೇ ಅಲ್ಲ. ಆದರೆ ‘ಎರಡು ನಕ್ಷತ್ರಗಳ ನಡುವೆ’ ಎಂಬ ಒಂದು ತುಣುಕು ಸಿಕ್ಕರೆ ಅದಕ್ಕೆ ಅಂಕಿಗಳಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ. ಅಂಕಿಯನ್ನು ನಕಲು ಮಾಡುವಾಗ 3 ಎಂಬುದು 8 ಆಗಬಹುದು, ಕಣ್ಣೆದುರಿನ ನಕ್ಷತ್ರ ಹಾಗೆ ಜಾಗ ಬದಲಿಸುವುದಿಲ್ಲ. ಚಿತ್ರದಲ್ಲಿ ದೊಡ್ಡದಾಗಿ ಕಾಣುವ ಸುರುಳಿ ಗೆಲಾಕ್ಸಿಯೇ ಅವರ ಕಣ್ಣಿಗೂ ಬಿದ್ದಿರಬೇಕೆಂದೂ ಇಲ್ಲ. ಅದರ ಬೆಳಕು ಹರಡಿಕೊಂಡಿದ್ದರೆ ಪಕ್ಕದ ಪುಟ್ಟ, ಒತ್ತಾದ ದೀರ್ಘವೃತ್ತಾಕಾರದ ಗೆಲಾಕ್ಸಿಯೇ ಕಣ್ಣಿಗೆ ಸುಲಭವಾಗಿ ಸಿಗುತ್ತದೆ. ಕೆಲವೊಮ್ಮೆ ಅವರು ಕಂಡದ್ದು ಗೆಲಾಕ್ಸಿಯೇ ಆಗಿರುವುದಿಲ್ಲ, ಒತ್ತೊತ್ತಾಗಿರುವ ಎರಡು ಮಂದ ನಕ್ಷತ್ರಗಳಾಗಿರುತ್ತವೆ.

ಹಾಗಾಗಿ ಈಗ ಚಿತ್ರವನ್ನು ತೆರೆಯುವ ಮೊದಲೇ ದಾಖಲೆಯಷ್ಟನ್ನೇ ಓದಿ, ಅಲ್ಲಿ ಏನು ಕಾಣಬೇಕು, ಸುತ್ತ ಯಾವ ನಕ್ಷತ್ರಗಳಿರಬೇಕು ಎಂದು ಬರೆದಿಟ್ಟುಕೊಳ್ಳುತ್ತೇನೆ. ಗೆಲಾಕ್ಸಿಯನ್ನು ನೋಡಿದ ಮೇಲೆ ವರ್ಣನೆಯನ್ನು ಓದಿದರೆ ಎಲ್ಲವೂ ಹೊಂದಿದಂತೆಯೇ ಅನ್ನಿಸುತ್ತದೆ. ಅನಂತರ ಅದೇ ರಾತ್ರಿಯ ಉಳಿದ ನಮೂದುಗಳನ್ನು ತೆಗೆದು, ಖಚಿತವಾಗಿ ಗುರುತಾದ ಕಾಯಗಳ ದಾಖಲಿತ ಸ್ಥಾನಗಳೂ ನಿಜವಾದ ಜಾಗದಿಂದ ಅದೇ ದಿಕ್ಕಿಗೆ ಸರಿದಿವೆಯೇ ಎಂದು ಪರೀಕ್ಷಿಸುತ್ತೇನೆ. ಸರಿದಿದ್ದರೆ ಅರ್ಧ ಕೆಲಸ ಮುಗಿದಂತೆ.

ಪಟ್ಟಿಗೆ ಸೇರಿಸುವಾಗ ಮೂಲ ಸ್ಥಾನ, ಪರಿಷ್ಕೃತ ಸ್ಥಾನ, ಪರಿಷ್ಕರಣೆಯ ಕಾರಣ ಮತ್ತು ಖಚಿತತೆಯ ಮಟ್ಟ ಇವು ಬೇರೆ ಬೇರೆ ಅಂಕಣಗಳಲ್ಲೇ ಇರಬೇಕೆಂದು ನಾನು ಹಟ ಹಿಡಿಯುತ್ತೇನೆ. 1973ರ ಪರಿಷ್ಕೃತ ಎನ್‌ಜಿಸಿಯಲ್ಲಿ ‘ಅಸ್ತಿತ್ವದಲ್ಲಿಲ್ಲ’ ಎಂಬ ಗುರುತು ಪಡೆದ ಹಲವು ಕಾಯಗಳು ತುಸು ಆಚೀಚೆ ಹುಡುಕಿದವರಿಗೆ ಆಮೇಲೆ ಸಿಕ್ಕಿವೆ. ಆದ್ದರಿಂದ ಸಿಗದ ನಮೂದಿಗೆ ನಾನು ‘ಇಲ್ಲ’ ಎಂದು ಬರೆಯುವುದಿಲ್ಲ. ಎಲ್ಲಿಯವರೆಗೆ ಹುಡುಕಿದ್ದೇನೆ, ಯಾವ ತಪ್ಪುಗಳನ್ನು ಊಹಿಸಿ ನೋಡಿದ್ದೇನೆ ಎಂಬುದನ್ನು ಬರೆದು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಬಿಡುತ್ತೇನೆ. ಅದೇ ವೀಕ್ಷಕನ ಅದೇ ರಾತ್ರಿಯ ಇನ್ನೊಂದು ನಮೂದು ಬಗೆಹರಿದ ದಿನ ಅದನ್ನು ಮತ್ತೆ ತೆರೆಯುತ್ತೇನೆ.