ಜಿರಳೆಯನ್ನೇ ಕೇಳೋದು ಹೇಗೆ?

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರು ಜಿರಳೆಯನ್ನು ಮರೆಯುವ ಹಾಗಿಲ್ಲ. ಅದರ ಒಂದೊಂದು ಕಣ್ಣಿನಲ್ಲೂ ಸುಮಾರು 2000 ಕಿರುಗಣ್ಣುಗಳು. "ಹಾಗಾದ್ರೆ ಅದಕ್ಕೆ ನಾವು ಎರಡು ಸಾವಿರ ಜನ ಕಾಣ್ತೀವಾ ಸಾರ್?" ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಪ್ರಾಣಿಶಾಸ್ತ್ರದ ಮೇಷ್ಟ್ರು ನಗಲಿಲ್ಲ. ಬೋರ್ಡಿನ ಮೇಲೆ ರಂಗೋಲಿಯಂತೆ ಚುಕ್ಕಿ ಇಡುತ್ತಾ ಹೋದರು. ಒಂದೊಂದು ಕಿರುಗಣ್ಣು ಒಂದೊಂದು ದಿಕ್ಕಿಗೆ ನೋಡುತ್ತದೆ, ಒಂದು ಚುಕ್ಕಿಯಷ್ಟೇ ಕೊಡುತ್ತದೆ. ಎಲ್ಲ ಸೇರಿ ಒಂದೇ ಚಿತ್ರ, ಅದೂ ಮಬ್ಬು. ಸಿನಿಮಾದಲ್ಲಿ ನೊಣದ ಕಣ್ಣಿಗೆ ನೂರು ಹೀರೋಯಿನ್ ತೋರಿಸ್ತಾರಲ್ಲ, ಅದೆಲ್ಲ ಸುಳ್ಳು.

ಆಮೇಲೆ ಅವರೇ ಕೇಳಿದರು: "ಅದಕ್ಕೆ ಏನು ಕಾಣುತ್ತೆ ಅಂತ ಅದನ್ನೇ ಕೇಳೋದು ಹೇಗ್ರೋ?" ನಾನು ಸಂಶೋಧನೆಗೆ ಬಂದಿದ್ದೇ ಆ ಪ್ರಶ್ನೆಯಿಂದ.

ಜೇನುಗಳ ಮೇಲೆ ಪ್ರಯೋಗ ಮಾಡಿದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಷ್ ಕಥೆಯನ್ನೂ ಅವರೇ ಹೇಳಿದ್ದು. ಜೇನಿಗೆ ಬಣ್ಣವೇ ಕಾಣದು ಅಂತ ಕಣ್ಣಿನ ತಜ್ಞರೊಬ್ಬರು ಹಠ ಹಿಡಿದಿದ್ದ ಕಾಲ. ಫ್ರಿಷ್ ತಿಳಿಯಿಂದ ಕಡುವರೆಗಿನ ಬಗೆಬಗೆಯ ಬೂದು ಕಾರ್ಡುಗಳ ನಡುವೆ ಒಂದು ನೀಲಿ ಕಾರ್ಡ್ ಇಟ್ಟು, ಅದರ ಮೇಲೆ ಮಾತ್ರ ಸಕ್ಕರೆ ನೀರಿಟ್ಟರು. ಆಮೇಲೆ ಸಕ್ಕರೆ ತೆಗೆದರೂ ಜೇನು ನೀಲಿಗೇ ಬಂತು. ಬೆಳಕಿನ ಹೆಚ್ಚುಕಡಿಮೆಯಷ್ಟೇ ಕಾಣುವುದಾಗಿದ್ದರೆ ಯಾವುದಾದರೂ ಒಂದು ಬೂದು ಕಾರ್ಡಿಗೆ ಮೋಸ ಹೋಗಬೇಕಿತ್ತು, ಅಲ್ವಾ? ಇದು 1914ರ ಸುಮಾರಿನ ಮಾತು. 1973ರಲ್ಲಿ ಅವರಿಗೆ ನೊಬೆಲ್ ಬಂತು.

ನಮ್ಮ ಜಿರಳೆಯನ್ನೂ ಕೇಳಿದ್ದಾರೆ! ಫಿನ್‌ಲ್ಯಾಂಡಿನ ಔಲು ವಿಶ್ವವಿದ್ಯಾಲಯದವರು ಅದನ್ನು ಚೆಂಡಿನ ಮೇಲೆ ನಿಲ್ಲಿಸಿ, ಸುತ್ತ ಪಟ್ಟೆಗಳನ್ನು ತಿರುಗಿಸಿದರು. ಕಂಡರೆ ತಾನೂ ತಿರುಗುತ್ತದೆ. ಒಂದು ಬೆಳಕುಕೋಶಕ್ಕೆ ಹತ್ತು ಸೆಕೆಂಡಿಗೆ ಒಂದು ಫೋಟಾನೂ, ಅಂದರೆ ಬೆಳಕಿನ ಒಂದು ಕಣವೂ ಸಿಗದಷ್ಟು ಕತ್ತಲಲ್ಲೂ ತಿರುಗಿತು. 2014ರಲ್ಲಿ ಅದನ್ನು ಓದಿದಾಗ ಮೊದಲು ನೆನಪಾದವರು ಮೇಷ್ಟ್ರು.

ಪಶ್ಚಿಮಘಟ್ಟದಲ್ಲಿ ರಾತ್ರಿ ಹಾರುವ, ಜೇನಿನ ಬಳಗದ ದೊಡ್ಡ ಬಡಗಿ ದುಂಬಿಯದು ಇನ್ನೂ ಸೋಜಿಗ. ನಕ್ಷತ್ರದ ಬೆಳಕಲ್ಲಿ ನಮಗೆ ಎಲ್ಲವೂ ಕಪ್ಪು-ಬಿಳುಪು. ಅದಕ್ಕೆ ಬಣ್ಣ ತಿಳಿಯುತ್ತದೆ. ಹೇಮಾ ಸೋಮನಾಥನ್, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ತೋರಿಸಿದರು.

ನನ್ನ ಕೆಲಸ ಕೇಳುವಷ್ಟು ಚಂದ ಇಲ್ಲ. ಹೆಚ್ಚಿನ ಹೊತ್ತು ಕತ್ತಲೆ ಕೋಣೆಯಲ್ಲಿ ಸುಮ್ನೆ ಕಾಯುವುದು. ಹುಳುವಿಗೆ ಮನಸ್ಸಿಲ್ಲದಿದ್ದರೆ ಆ ರಾತ್ರಿ ಹೋಯಿತು.

ಈಗ ಕಾಲೇಜಲ್ಲಿ ಜಿರಳೆ ಕೊಯ್ಯುವುದಿಲ್ಲವಂತೆ. ಒಳ್ಳೆಯದೇ. ಫ್ರಿಷ್ ಪ್ರಯೋಗಕ್ಕೆ ಬಣ್ಣದ ಕಾಗದ, ಸಕ್ಕರೆ ನೀರು, ತಾಳ್ಮೆ ಸಾಕು. ನೀಲಿ ಆದ ಮೇಲೆ ಕೆಂಪು ಇಟ್ಟು ನೋಡಿ: ಜೇನು ಅದನ್ನು ಕಡುಬೂದು ಅಂದುಕೊಂಡು ತಬ್ಬಿಬ್ಬಾಗುತ್ತದೆ.