ಬಾಳೆಹಣ್ಣಿನ ಪಟ್ಟಿಯಲ್ಲಿದ್ದ ಹುಡುಗಿ

ಬಿ.ಎಡ್. ಎರಡನೇ ವರ್ಷದಲ್ಲಿ ನಮಗೊಂದು ಕಿರು ಸಂಶೋಧನೆ ಇತ್ತು. ಶಿಕ್ಷಣಕ್ಕೆ ಸಂಬಂಧಪಟ್ಟ, ಜನ ಒಪ್ಪದೆ ವಾದ ಮಾಡುವ ಒಂದು ವಿಷಯ ಆರಿಸಿಕೊಳ್ಳಬೇಕು. ಗೆಳತಿಯರಲ್ಲಿ ಜಾಸ್ತಿ ಮಂದಿ ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಅಂತ ಬರೆದುಕೊಟ್ಟರು. ಕೆಲವರು ಐದು, ಎಂಟನೇ ತರಗತಿಯ ಪಬ್ಲಿಕ್ ಪರೀಕ್ಷೆ ಹಿಡಿದರು. ನಾನು ಬಿಸಿಯೂಟದ ಮೊಟ್ಟೆ ಅಂತ ಬರೆದೆ.

ನಾನು ಕೊಪ್ಪಳ ಜಿಲ್ಲೆಯವಳು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಶಾಲೆ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಸ್ವಾಮೀಜಿಗಳು ವಿರೋಧಿಸಿದ್ದರು. ಆಗ ಗಂಗಾವತಿಯ ಒಬ್ಬ ಹುಡುಗಿ ನಮಗೆ ಮೊಟ್ಟೆ ಬೇಕು ಅಂತ ಗಟ್ಟಿಯಾಗಿ ಮಾತಾಡಿದ ವಿಡಿಯೊ ಊರೆಲ್ಲ ಓಡಾಡಿತು. ನಾನೂ ಅವ್ವನೂ ಅದನ್ನು ಎಷ್ಟು ಸಲ ನೋಡಿದೆವೋ. ಆಮೇಲೆ ಯೋಜನೆ ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ನನ್ನ ಮನಸ್ಸಿನಲ್ಲಿ ಉತ್ತರ ಆಗಲೇ ಸಿದ್ಧವಿತ್ತು: ಕೊಡಲೇಬೇಕು.

ಮಾರ್ಗದರ್ಶಕಿ ಮೇಡಂ ನನ್ನ ಹಾಳೆ ನೋಡಿ, "ಉತ್ತರ ಮೊದಲೇ ಗೊತ್ತಿದ್ರ ಸಂಶೋಧನಾ ಯಾಕವ್ವಾ?" ಅಂದರು. ನನಗೆ ಬೇಜಾರಾಯಿತು. ಹಾಳೆ ಮಡಚಿಟ್ಟುಕೊಂಡು ಇಂಟರ್ನ್‌ಶಿಪ್‌ನ ಶಾಲೆಗೆ ಹೋದೆ.

ಅಲ್ಲಿ ಹನ್ನೊಂದು ಗಂಟೆಗೆಲ್ಲ ಅಡುಗೆಮನೆ ಮುಂದೆ ಮೊಟ್ಟೆ ಸುಲಿಯುವ ಕೆಲಸ. ಅಡುಗೆಯ ಅಕ್ಕನವರ ಬೆರಳು ಬಿಸಿಗೆ ಕೆಂಪಾಗಿತ್ತು. ಒಂದು ಮೊಟ್ಟೆಗೆ ಲೆಕ್ಕ ಹಾಕಿದ 6 ರೂಪಾಯಿಯಲ್ಲಿ ಸುಲಿದದ್ದಕ್ಕೆ 30 ಪೈಸೆ. ಇದು ನನಗೆ ಗೊತ್ತಾಗಿದ್ದು ಆವತ್ತು, ಅವರ ಬಾಯಿಂದಲೇ. ಅವರ ಜತೆ ಕೂತು ನಾನೂ ಸುಲಿದೆ.

ಊಟದ ಸಾಲಿನಲ್ಲಿ ಮೂರನೇ ತರಗತಿಯ ಒಬ್ಬಳು ನನ್ನ ಮುಂದೆ ತಟ್ಟೆ ಹಿಡಿದಳು. "ಟೀಚರ್, ಮೊಟ್ಟೆ." ಪಕ್ಕದಲ್ಲಿದ್ದ ಶಿಕ್ಷಕಿ, ಯಾರಿಗೆ ಮೊಟ್ಟೆ, ಯಾರಿಗೆ ಅದರ ಬದಲು ಬಾಳೆಹಣ್ಣು ಅಂತ ಬರೆದಿದ್ದ ಪಟ್ಟಿ ನೋಡಿದರು. "ನಿಂದು ಬಾಳೆಹಣ್ಣು ಐತೆಲ್ಲವಾ. ನಿಮ್ಮಪ್ಪ ಬರೆಸ್ಯಾನ." ಹುಡುಗಿ ಮಾತಾಡಲಿಲ್ಲ. ಹಣ್ಣು ತಗೊಂಡು, ಹಣ್ಣಿನವರು ಕೂಡುವ ಕಡೆ ಹೋದಳು. ಅಲ್ಲಿ ಹಾಗೆ ಕೂಡಿ ಅಂತ ಯಾರೂ ಹೇಳಿರಲಿಲ್ಲ. ತಾವಾಗಿಯೇ ಎರಡು ಸಾಲು ಆಗಿದ್ದವು. ನನಗೆ ಊಟ ಇಳಿಯಲಿಲ್ಲ.

ಸಂಜೆ ಅವಳಪ್ಪ ಕರೆದುಕೊಂಡು ಹೋಗಲು ಬಂದಿದ್ದರು. ಸಿಟ್ಟಿನಲ್ಲೇ ಮಾತಿಗೆ ಹೋದೆ. ಅವರು ತಾಳ್ಮೆಯಿಂದ ಹೇಳಿದರು: "ನನಗೇನೂ ಇಲ್ರೀ ಟೀಚರ್. ಆದ್ರ ಇಕಿ ತಿಂದು ಬಂದ್ರ ನಮ್ಮವ್ವ ಇಕಿನ್ನ ಬಾಜೂಕ ಕೂಡಿಸ್ಕೊಂಡು ಉಣ್ಣೂದಿಲ್ಲ. ಇಕಿಗೆ ಆಯಿ ಅಂದ್ರ ಪ್ರಾಣ."

ನನ್ನ ಸಿದ್ಧ ಉತ್ತರದಲ್ಲಿ ಇದನ್ನು ಎಲ್ಲಿ ಇಡಬೇಕು ಅಂತ ತಿಳಿಯಲಿಲ್ಲ. ಮೊಟ್ಟೆಯಿಂದ ಮಕ್ಕಳಿಗೆ ಒಳ್ಳೆಯದಾಗುತ್ತದೆ ಅನ್ನುವುದನ್ನು ನಾನು ಈಗಲೂ ನಂಬುತ್ತೇನೆ. ಅಪೌಷ್ಟಿಕತೆ ನಮ್ಮ ಜಿಲ್ಲೆಗೆ ಸುಮ್ನೆ ಕಾಗದದ ಮೇಲಿನ ಮಾತಲ್ಲ, ನನ್ನ ತರಗತಿಯಲ್ಲೇ ಎಂಟು ವರ್ಷದವರು ಆರು ವರ್ಷದವರ ಹಾಗೆ ಕಾಣುತ್ತಾರೆ. ಆದರೆ ಕೊಡಬೇಕೋ ಬೇಡವೋ ಅಂತ ದೊಡ್ಡವರು ವಾದ ಮಾಡುವಾಗ, ಆ ಪಟ್ಟಿಯಲ್ಲಿ ಹೆಸರು ಹೇಗೆ ಬಂತು, ಮಗುವನ್ನು ಒಂದು ಮಾತು ಕೇಳಿದರಾ, ಬೇರೆ ಸಾಲಿನಲ್ಲಿ ಕೂತಾಗ ಅದಕ್ಕೆ ಏನನಿಸುತ್ತದೆ ಅಂತ ಯಾರು ಕೇಳುತ್ತಾರೆ? ಮುಂದೆ ಆ ಪಟ್ಟಿ ಹಿಡಿದು ನಿಲ್ಲುವವಳು ನಾನೇ ಅಲ್ವಾ?

ರಾತ್ರಿ ಮಡಚಿದ ಹಾಳೆ ತೆಗೆದೆ. 'ಬಿಸಿಯೂಟದಲ್ಲಿ ಮೊಟ್ಟೆಯ ಅಗತ್ಯ' ಅಂತ ಇದ್ದದ್ದನ್ನು ಹೊಡೆದುಹಾಕಿ, ಕೆಳಗೆ ಬರೆದೆ: 'ಮೊಟ್ಟೆ, ಬಾಳೆಹಣ್ಣಿನ ಆಯ್ಕೆ ಯಾರದ್ದು? ಮಕ್ಕಳ ಮಾತಿನಲ್ಲಿ.' ಬೆಳಿಗ್ಗೆ ಮೇಡಂಗೆ ಆ ಹುಡುಗಿಯ, ಅವಳ ಅಜ್ಜಿಯ ವಿಷಯ ಹೇಳಿ ಹಾಳೆ ಕೊಟ್ಟೆ. ಅವರು ಅದನ್ನು ಎರಡು ಸಲ ಓದಿದರು. "ಆ ಆಯಿನ್ನೂ ಮಾತಾಡಿಸು" ಅಂತ ಹೇಳಿ ಸಹಿ ಹಾಕಿದರು.